ಮಲೇರಿಯಾ ಅಂದ್ರೆ 'ಮಲೆ ಏರಿಯಾ' ಅಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಮಕ್ಕಳ ಪುಟದಲ್ಲಿ ಒಂದು ಬಾಕ್ಸ್ ಹಾಕಿದ್ರಿ. ಮಲೇರಿಯಾ ಅನ್ನೋ ಹೆಸರು ಕನ್ನಡದ 'ಮಲೆ' ಮತ್ತೆ ಇಂಗ್ಲಿಷಿನ 'ಏರಿಯಾ' ಸೇರಿ ಆಗಿದ್ದಂತೆ, ಕಾಫಿ ತೋಟ ಮಾಡೋಕೆ ಚಿಕ್ಕಮಗಳೂರು ಸಕಲೇಶಪುರದ ಕಡೆ ಬಂದ ಬಿಳಿ ದೊರೆಗಳು ಜ್ವರ ಬಂದು ಮಲಗಿದಾಗ 'ಇದು ಮಲೆ ಏರಿಯಾದ ಕಾಯಿಲೆ' ಅಂದ್ರಂತೆ, ಅದೇ ಮುಂದೆ ಪ್ರಪಂಚಕ್ಕೆಲ್ಲ ಮಲೇರಿಯಾ ಆಯ್ತಂತೆ. ಈ ಮೆಸೇಜು ವಾಟ್ಸಾಪಲ್ಲಿ ವರ್ಷಕ್ಕೊಂದು ಸಲ ಸುತ್ತು ಹೊಡೆಯುತ್ತೆ, ಓದಿ ನಕ್ಕು ಡಿಲೀಟ್ ಮಾಡಿದ್ರೆ ಆಯ್ತು. ಆದ್ರೆ ಪೇಪರಲ್ಲಿ ಅಚ್ಚಾದ್ಮೇಲೆ ಕತೆ ಬೇರೆ, ಮಕ್ಕಳು ಕ್ವಿಜ್‌ಗೆ ಅಂತ ಕತ್ತರಿಸಿ ಅಂಟಿಸ್ಕೊಳ್ತಾರೆ, ಮೇಷ್ಟ್ರೂ 'ಪೇಪರಲ್ಲೇ ಬಂದಿದೆಯಲ್ಲ' ಅಂತಾರೆ, ಆಮೇಲೆ ಸರಿಯಾದ ಉತ್ತರ ಬರೆದ ಮಗುವಿಗೇ ಮಾರ್ಕ್ಸ್ ಹೋಗುತ್ತೆ. ಅದಕ್ಕೇ ಈ ಕಾಗದ, ಸ್ವಲ್ಪ ಉದ್ದ ಆಗಬಹುದು, ಜಾಗ ಇದ್ದಷ್ಟು ಹಾಕಿ.

ನಾನು ಭಾಷಾಶಾಸ್ತ್ರ ಓದಿದವನಲ್ಲ. ಸರ್ಕಾರಿ ಆಸ್ಪತ್ರೆ ಲ್ಯಾಬಲ್ಲಿ ಟೆಕ್ನಿಷಿಯನ್ ಆಗಿದ್ದು ರಿಟೈರ್ ಆದೋನು, ಸರ್ವೀಸ್ ಪೂರ್ತಿ ಮಲೆನಾಡಲ್ಲೇ. ಬೆರಳಿಗೆ ಚುಚ್ಚಿ ಒಂದೇ ಗಾಜಿನ ಮೇಲೆ ರಕ್ತದ ಒಂದು ದಪ್ಪ ಸ್ಮಿಯರ್ (ಲೇಪ) ಒಂದು ತೆಳು ಸ್ಮಿಯರ್ ಎಳೆದು, ಒಣಗಿಸಿ, ಸ್ಟೇನ್ ಮಾಡಿ ಅಂದ್ರೆ ಬಣ್ಣ ಹಾಕಿ, ಒಂದು ತೊಟ್ಟು ಎಣ್ಣೆ ಬಿಟ್ಟು ಮೈಕ್ರೋಸ್ಕೋಪಿನ ಕೆಳಗೆ ಒಂದೊಂದೇ ಫೀಲ್ಡು ಸರಿಸ್ತಾ ಮಲೇರಿಯಾ ತರೋ ಪರಾವಲಂಬಿ ಜೀವಿಗಳನ್ನ ಹುಡುಕೋದು ನನ್ನ ಕೆಲಸ. ನಮ್ಮ ಭಾಷೇಲಿ ಅವು ಪಿವಿ, ಪಿಎಫ್. ಪಿವಿ ಅಂದ್ರೆ ವೈವ್ಯಾಕ್ಸು, ಅದು ಹೊಕ್ಕ ಕೆಂಪು ರಕ್ತಕಣ ಊದ್ಕೊಂಡು ಒಳಗೆಲ್ಲ ಗುಲಾಬಿ ಚುಕ್ಕೆ ಚುಕ್ಕೆ ಆಗಿರುತ್ತೆ. ಪಿಎಫ್ ಅಂದ್ರೆ ಫಾಲ್ಸಿಪಾರಮ್, ಸಣ್ಣ ತೆಳ್ಳನೆ ಉಂಗುರ, ಕೆಲವು ಸಲ ಒಂದೇ ಕಣದಲ್ಲಿ ಎರಡೆರಡು, ಅದನ್ನ ಕಂಡ ತಕ್ಷಣ ಡಾಕ್ಟ್ರ ಹತ್ರ ಓಡಬೇಕು. ಇಷ್ಟೆಲ್ಲ ನೋಡಿದ ಮೇಲೆ ಆ ಹೆಸರು ಎಲ್ಲಿಂದ ಬಂತು ಅಂತ ಒಂದು ಸಲನಾದ್ರೂ ಹುಡುಕದೆ ಇರೋಕಾಗುತ್ತಾ?

ಪದ ಇಟಾಲಿಯನ್ನಿಂದು. 'ಮಾಲಾ' ಅಂದ್ರೆ ಕೆಟ್ಟ, 'ಆರಿಯಾ' ಅಂದ್ರೆ ಗಾಳಿ, ಕೆಟ್ಟ ಗಾಳಿ ಅಷ್ಟೇ. ಮಾಲ್‌ಪ್ರಾಕ್ಟೀಸ್, ಮಾಲ್‌ನ್ಯೂಟ್ರಿಷನ್ ಅಂತ ನೀವೇ ದಿನಾ ಬರೀತೀರಲ್ಲ, ಆ 'ಮಾಲ್' ಕೂಡ ಅದೇ ಲ್ಯಾಟಿನ್ ಬೇರಿಂದು. ಹಾಗಂತ ಸಂಸ್ಕೃತದ 'ಮಲ'ಕ್ಕೆ ಯಾರೂ ಗಂಟು ಹಾಕಬೇಡಿ ದಯವಿಟ್ಟು, ಆ ಬಾಕ್ಸ್ ಬೇರೆ ಯಾವತ್ತೋ ಬರುತ್ತೆ ಅಂತ ಭಯ ನನಗೆ. ಆರಿಯಾ ಅಂದ್ರೆ ಅವರ ಸಂಗೀತ ನಾಟಕದಲ್ಲಿ ಒಬ್ಬರೇ ನಿಂತು ಹಾಡೋ ಹಾಡೂ ಹೌದು, ಅದೂ ಇದೇ ಗಾಳಿಯೇ. ಮಾಲಾ ಮತ್ತು ಆರಿಯಾ ಒಟ್ಟಿಗೆ ಬಂದಾಗ ಮೊದಲನೇದರ ಕೊನೆ ಸ್ವರ ಬಿಟ್ಟು ಅಪಾಸ್ಟ್ರಫಿ ಹಾಕಿ 'ಮಾಲ್'ಆರಿಯಾ' ಅಂತ ಬರೀತಿದ್ರು, ನಮ್ಮ ಹೈಸ್ಕೂಲ್ ವ್ಯಾಕರಣದ ಪ್ರಕಾರ ಲೋಪಸಂಧಿ. ಆಮೇಲೆ ಅಪಾಸ್ಟ್ರಫಿನೂ ಉದುರಿ ಒಂದೇ ಪದ ಆಯ್ತು.

ಇನ್ನೊಂದು ಮುಖ್ಯ ವಿಷ್ಯ. ಇಟಲಿಯವರ ಬಾಯಲ್ಲಿ ಈ ಪದ 'ಮಲಾರಿಯಾ', ಲಾ ಅಂತ ದೀರ್ಘ. 'ಲೇ' ಆಗಿದ್ದು ಇಂಗ್ಲಿಷಿನವರ ಉಚ್ಚಾರಣೆಯಿಂದ, ನಮಗೆ ಪದ ಬಂದಿದ್ದು ಇಂಗ್ಲಿಷ್ ಡಾಕ್ಟರುಗಳ ಬಾಯಿಂದ ಆದ್ದರಿಂದ ನಾವೂ ಮಲೇರಿಯಾ ಅಂತೀವಿ. ನಿಮ್ಮ 'ಏರಿಯಾ' ಹುಟ್ಟಿದ್ದೇ ಆ 'ಏ' ಇಂದ! ಮೂಲ ಪದದಲ್ಲಿ 'ಏ'ನೇ ಇಲ್ಲ ಅಂದ್ಮೇಲೆ ಏರಿಯಾ ಎಲ್ಲಿಂದ ತರ್ತೀರಿ. ಮೇಲಾಗಿ ನಾವು ಯಾವತ್ತು 'ಮಲೆ ಏರಿಯಾ' ಅಂದಿದೀವಿ ಹೇಳಿ, ಬಯಲುಸೀಮೆಯವರೂ ಮಲೆನಾಡು ಅಂತಾರೆ, ನಾವೂ ಮಲೆನಾಡು ಅಂತೀವಿ.

ಇಸವಿ ಲೆಕ್ಕ ನೋಡಿದ್ರೂ ಕತೆ ನಿಲ್ಲಲ್ಲ. 1740ರಲ್ಲಿ ಹೊರೇಸ್ ವಾಲ್ಪೋಲ್ ಅನ್ನೋ ಇಂಗ್ಲಿಷ್ ಯುವಕ ರೋಮ್‌ಗೆ ಹೋಗಿದ್ದಾಗ ಮನೆ ಕಡೆಯವರಿಗೆ ಕಾಗದ ಬರೀತಾ ಇಲ್ಲಿ ಮಾಲ್'ಆರಿಯಾ ಅಂತ ಒಂದು ಭಯಂಕರ ವಸ್ತು ಇದೆ, ಪ್ರತಿ ಬೇಸಿಗೇಲೂ ರೋಮ್‌ಗೆ ಬಂದು ಜನರನ್ನ ಕೊಲ್ಲುತ್ತೆ ಅನ್ನೋ ಅರ್ಥದಲ್ಲಿ ಬರೆದಿದಾರೆ. 1740 ಅಂದ್ರೆ ನಮ್ಮ ಮಲೆನಾಡಲ್ಲಿ ಇನ್ನೂ ಕೆಳದಿ ನಾಯಕರ ಕಾಲ ರೀ, ಹೈದರಾಲಿ ಅವರ ರಾಜಧಾನಿ ಬಿದನೂರು ತಗೊಂಡಿದ್ದೇ 1763ರಲ್ಲಿ. ಬಿಳಿ ದೊರೆಗಳು ಇಲ್ಲಿ ಕಾಫಿ ಎಸ್ಟೇಟ್ ಮಾಡಿದ್ದು 19ನೇ ಶತಮಾನದಲ್ಲಿ. ಇಂಗ್ಲಿಷ್ ವೈದ್ಯಶಾಸ್ತ್ರಕ್ಕೆ ಆ ಪದವನ್ನ ಗಟ್ಟಿಯಾಗಿ ತಂದಿದ್ದು ಜಾನ್ ಮೆಕಲಕ್ ಅನ್ನೋ ಭೂವಿಜ್ಞಾನಿ ಡಾಕ್ಟರು, 1827ರ ಪುಸ್ತಕದಲ್ಲಿ, ಅವರೂ ತಗೊಂಡಿದ್ದು ಇಟಲಿಯಿಂದಲೇ. ಮೂಡಿಗೆರೆ ಘಾಟಿಯಲ್ಲಿ ಹುಟ್ಟಿದ ಪದ ಅಷ್ಟು ಮುಂಚೆನೇ ರೋಮ್‌ಗೆ ಹೋಗಿ ಕೂತಿರೋಕೆ ಅದಕ್ಕೇನು ರೆಕ್ಕೆ ಇತ್ತಾ?

ವಾಲ್ಪೋಲ್ ಬರೆದ ಆ ಕಾಗದದಲ್ಲೂ ಗಮನಿಸಿ, ಮಾಲ್'ಆರಿಯಾ ಅಂದ್ರೆ ಜ್ವರ ಅಲ್ಲ, ಜ್ವರ ತರೋ ಗಾಳಿ. ತುಂಬಾ ಕಾಲ ಆ ಪದಕ್ಕೆ ಅಷ್ಟೇ ಅರ್ಥ ಇತ್ತು, ಕಾಯಿಲೆಯ ಹೆಸರು ಆಗಿದ್ದು ನಿಧಾನಕ್ಕೆ. ಕಾಯಿಲೆಗೆ ಇಟಲಿಯವರು ಜ್ವರ ಅಂತಲೇ ಅಂತಿದ್ರು, ಅದು ಬರೋ ದಿನದ ಲೆಕ್ಕದಲ್ಲಿ ತೆರ್ತ್ಸಾನಾ, ಕ್ವಾರ್ತಾನಾ, ಅಂದ್ರೆ ಮೂರನೇ ದಿನದ್ದು, ನಾಲ್ಕನೇ ದಿನದ್ದು. ಇಲ್ಲಿ ನಮ್ಮ ಆಯುರ್ವೇದದವರು ಖುಷಿ ಪಡಬಹುದು, ಯಾಕಂದ್ರೆ ವಿಷಮಜ್ವರದಲ್ಲಿ ತೃತೀಯಕ, ಚತುರ್ಥಕ ಅಂತ ನಮ್ಮವರೂ ಸರಿಯಾಗಿ ಅದೇ ಲೆಕ್ಕ ಹಾಕಿದಾರೆ. ಇವತ್ತು ಜ್ವರ, ನಾಳೆ ಬಿಡುವು, ನಾಡಿದ್ದು ಮತ್ತೆ ಜ್ವರ, ಇವತ್ತನ್ನೂ ಸೇರಿಸಿ ಎಣಿಸಿದ್ರೆ ಮೂರನೇ ದಿನ. ಎರಡೂ ಕಡೆ ಒಂದೇ ತರ ಎಣಿಸಿದ್ದು ಒಬ್ಬರನ್ನ ನೋಡಿ ಒಬ್ಬರು ಕಾಪಿ ಹೊಡೆದಿದ್ದು ಅಂತ ಮತ್ತೊಂದು ಬಾಕ್ಸ್ ಮಾಡಬೇಡಿ, ಜ್ವರ ಬರೋದೇ ಹಾಗೆ. ಯಾಕೆ ಹಾಗೆ ಬರುತ್ತೆ ಅಂತ ತೋರಿಸಿದವರೂ ಇಟಲಿಯವರೇ, ಕಮಿಲ್ಲೋ ಗಾಲ್ಜಿ, 1885-86ರಲ್ಲಿ. ರಕ್ತಕಣದ ಒಳಗೆ ಬೆಳೆದ ಪರಾವಲಂಬಿಗಳೆಲ್ಲ ಒಟ್ಟಿಗೆ ಕಣ ಒಡ್ಕೊಂಡು ಹೊರಗೆ ಬೀಳೋ ಹೊತ್ತಿಗೇ ಚಳಿ ನಡುಕ ಶುರು ಆಗೋದು, ವೈವ್ಯಾಕ್ಸಿಗೆ ಅದು 48 ಗಂಟೆಗೊಂದು ಸಲ.

ಈಗ ಮಲೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಆ ಬಾಕ್ಸ್ ಬರೆದವರಿಗೆ ಇದು ಗೊತ್ತಿದ್ರೆ ಬರೀತಾನೇ ಇರ್ಲಿಲ್ಲ. ಇಟಲಿಯಲ್ಲಿ ಜ್ವರದ ಜಾಗ ತಗ್ಗು, ಗುಡ್ಡ ಅಲ್ಲ. ರೋಮ್ ಸುತ್ತಮುತ್ತ ಮತ್ತೆ ಅದರ ದಕ್ಷಿಣಕ್ಕೆ ಪಾಂಟೈನ್ ಅಂತ ದೊಡ್ಡ ಜೌಗು ಪ್ರದೇಶ ಇತ್ತು, ನೀರು ನಿಂತು ಕೊಳೆತು ನಾರುತ್ತಿತ್ತು, ಬೇಸಿಗೆ ಬಂತಂದ್ರೆ ಜ್ವರ. ದುಡ್ಡಿದ್ದವರು, ಪೋಪ್ ಸಮೇತ, ಬೇಸಿಗೆಗೆ ಎತ್ತರದ ಜಾಗಕ್ಕೆ ಹೋಗ್ತಿದ್ರು. ಅಂದ್ರೆ ಅವರಿಗೆ ಮಲೆನೇ ಕ್ಷೇಮ! ನಾರೋ ನೀರಿಂದ ಏಳೋ ಆವಿಯೇ ವಿಷ ಅಂತ ಅವರ ಲೆಕ್ಕ, 1717ರಲ್ಲಿ ಪೋಪ್‌ಗಳ ವೈದ್ಯರಾಗಿದ್ದ ಲಾನ್ಚೀಸಿ ಜೌಗಿನ ಆವಿ ಬಗ್ಗೆನೇ ಒಂದು ಪುಸ್ತಕ ಬರೆದ್ರು, ಅದರಲ್ಲಿ ಸೊಳ್ಳೆ ಬಗ್ಗೆನೂ ಬರೆದಿದಾರೆ ಅನ್ನೋದು ತಮಾಷೆ, ಕಳ್ಳ ಪಕ್ಕದಲ್ಲೇ ಗುಂಯ್ ಅಂತಿದ್ದ.

ನಮ್ಮ ಕಡೆ ಪೂರ್ತಿ ಉಲ್ಟಾ. ಮಲೆನಾಡಲ್ಲಿ ಮಲೇರಿಯಾ ಹರಡ್ತಿದ್ದ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್, ಫ್ಲುವಿಯಾಟಿಲಿಸ್ ಅಂದ್ರೆನೇ ಹೊಳೆಯದ್ದು ಅಂತ. ಅದಕ್ಕೆ ಕೊಚ್ಚೆ ಬೇಡ, ತಿಳಿನೀರು ಬೇಕು. ಹಳ್ಳದ ಅಂಚಲ್ಲಿ ಹುಲ್ಲು ಬಾಗಿ ನೀರು ನಿಧಾನಕ್ಕೆ ಹರಿಯೋ ಕಡೆ, ಗದ್ದೆಗೆ ಹೋಗೋ ಸಣ್ಣ ಕಾಲುವೆ ಬದೀಲಿ ಮರಿ ಮಾಡುತ್ತೆ. ಅಂದ್ರೆ ನೀರು ಕನ್ನಡಿ ತರ, ಗಾಳಿ ಅಂತೂ ಟೂರಿಸ್ಟ್‌ಗಳು ದುಡ್ಡು ಕೊಟ್ಟು ಕುಡಿಯೋಕೆ ಬರೋ ಗಾಳಿ, ಆದ್ರೂ ಮನೆ ಮನೇಲಿ ಚಳಿಜ್ವರ, ಮಕ್ಕಳಿಗೆ ಹೊಟ್ಟೆ ಎಡಗಡೆ ಗಡ್ಡೆ, ಅಂದ್ರೆ ಗುಲ್ಮ ಊದ್ಕೊಂಡಿರೋದು. ಇಟಲಿಯವರ ಕೆಟ್ಟ ಗಾಳಿ ಸಿದ್ಧಾಂತ ಮಲೆನಾಡಿಗೆ ಬಂದಿದ್ರೆ ಒಂದೇ ದಿನದಲ್ಲಿ ಸುಳ್ಳಾಗ್ತಿತ್ತು.

ಆದ್ರೆ ನಮ್ಮವರೇನು ಗಾಳೀನ ಬಿಟ್ಟಿದ್ರಾ? ಇಲ್ಲ. ಜ್ವರ ಬಂದ್ರೆ 'ಗಾಳಿ ಸೋಕಿದೆ', 'ಇಲ್ಲಿಯ ಹವಾ ನೀರು ಹಿಡೀಲಿಲ್ಲ' ಅನ್ನೋ ಮಾತು ಈಗಲೂ ಇದೆ, ಸಂಜೆ ಮೇಲೆ ಹಳ್ಳದ ಕಡೆ ಹೋಗ್ಬೇಡ ಗಾಳಿ ಮೆಟ್ಟುತ್ತೆ ಅಂತ ಅಜ್ಜಿಯಂದಿರು ಹೆದರಿಸೋರು. ಸಂಜೆ ಮೇಲೆ ಹಳ್ಳದ ಹತ್ರ ಹೋಗದೆ ಇದ್ದಿದ್ದಕ್ಕೆ ಎಷ್ಟೋ ಮಕ್ಕಳು ಸೊಳ್ಳೆ ಕಡಿತದಿಂದ ಬಚಾವಾಗಿರಬಹುದು, ಕಾರಣ ತಪ್ಪು, ಕೆಲಸ ಸರಿ. ರೋಮ್‌ನಲ್ಲೂ ಅಷ್ಟೇ, ರಾತ್ರಿ ಗಾಳಿ ವಿಷ ಅಂತ ಕಿಟಕಿ ಹಾಕ್ಕೊಂಡು ಮಲಗೋರು, ಕೆಟ್ಟ ನೀರು ಬಸಿದ್ರೆ ಗಾಳಿ ಸರಿ ಹೋಗುತ್ತೆ ಅಂತ ಕಾಲುವೆ ತೋಡೋರು. ಹಾಗಾಗಿ ಹಳಬರನ್ನ ದಡ್ಡರು ಅಂತ ನಾನಂತೂ ಹೇಳಲ್ಲ.

ಗಾಳಿಯ ಮೇಲಿನ ಕೇಸು ಖುಲಾಸೆ ಆದ ಕತೆ ಮಕ್ಕಳ ಪುಟಕ್ಕೆ ಇದಕ್ಕಿಂತ ಚೆನ್ನಾಗಿದೆ, ಅದನ್ನ ಹಾಕಬಹುದಿತ್ತು. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಮಿಲಿಟರಿ ಡಾಕ್ಟರ್ ಲಾವೆರಾನ್ ಜ್ವರದವರ ರಕ್ತದಲ್ಲಿ ಪರಾವಲಂಬಿ ಕಂಡ್ರು. ಈಗಿನ ಲ್ಯಾಬ್ ಸ್ಟೇನುಗಳು ಆಗ ಇರ್ಲಿಲ್ಲ, ಹಸಿ ರಕ್ತದಲ್ಲೇ ಕಂಡಿದ್ದು, ಅದಕ್ಕೆ ನನ್ನಂಥವನು ಎದ್ದು ನಿಂತು ಸಲಾಂ ಹೊಡೀಬೇಕು. 1897ರ ಆಗಸ್ಟ್ 20ಕ್ಕೆ ಸಿಕಂದರಾಬಾದಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆ ಬಗೆದು ಅಲ್ಲಿ ಅದೇ ಪರಾವಲಂಬಿ ಬೆಳೀತಾ ಇರೋದನ್ನ ನೋಡಿದ್ರು, ಈ ರಾಸ್ ಮುಂಚೆ 1883ರಲ್ಲಿ ನಮ್ಮ ಬೆಂಗಳೂರಲ್ಲೂ ಕೆಲಸದಲ್ಲಿದ್ರು, ಸೊಳ್ಳೆಗೆ ನಿಂತ ನೀರು ಸಿಗದ ಹಾಗೆ ಮಾಡಿದ್ರೆ ಕಮ್ಮಿ ಆಗುತ್ತೆ ಅಂತ ಆಗಲೇ ಅವರ ತಲೆಗೆ ಬಂದಿತ್ತು. 1898ರಲ್ಲಿ ಇಟಲಿಯ ಗ್ರಾಸ್ಸಿ, ಬಿನ್ಯಾಮಿ, ಬಾಸ್ತಿಯಾನೆಲ್ಲಿ ಸೇರಿ ಮನುಷ್ಯರಿಗೆ ಅದನ್ನ ತರೋದು ಅನಾಫಿಲಿಸ್ ಸೊಳ್ಳೆನೇ ಅಂತ ತೋರಿಸಿದ್ರು. ಅನಾಫಿಲಿಸ್ ಅಂದ್ರೆ ಗ್ರೀಕಿನಲ್ಲಿ 'ಉಪಯೋಗಕ್ಕೆ ಬಾರದ್ದು' ಅಂತ, ಹೆಸರಿಟ್ಟಿದ್ದು 1818ರಲ್ಲಿ, ಅದು ಎಷ್ಟು ದೊಡ್ಡ ಕಿತಾಪತಿ ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ.

ಇದಾದ್ಮೇಲೂ ಗಾಳಿ ಅನ್ನೋರು ಗಾಳಿ ಅಂತಲೇ ಇದ್ರು. ಅದಕ್ಕೆ 1900ರ ಬೇಸಿಗೇಲಿ ಸ್ಯಾಂಬನ್ ಮತ್ತು ಲೋ ಅನ್ನೋ ಇಬ್ಬರು ಡಾಕ್ಟರು ರೋಮ್ ಪಕ್ಕದ ಓಸ್ಟಿಯಾದ ಜೌಗಲ್ಲಿ, ಜ್ವರ ಅಂದ್ರೆ ಇಲ್ಲೇ ಅನ್ನೋ ಜಾಗದಲ್ಲಿ, ಕಿಟಕಿ ಬಾಗಿಲಿಗೆ ತಂತಿ ಮೆಶ್ ಹೊಡೆದ ಮರದ ಮನೆ ಕಟ್ಕೊಂಡು ಜುಲೈಯಿಂದ ಅಕ್ಟೋಬರ್ ತನಕ ಇದ್ರು. ಹಗಲು ಎಲ್ಲರ ತರ ಓಡಾಡೋರು, ಹೊತ್ತು ಮುಳುಗೋ ಮುಂಚೆ ಒಳಗೆ ಬಂದು ಬಾಗಿಲು ಹಾಕೋರು. ಮೆಶ್ಶು ಸೊಳ್ಳೆ ತಡೆಯುತ್ತೆ, ಗಾಳಿ ತಡೆಯಲ್ಲ, ಅಂದ್ರೆ ಆ ಕೆಟ್ಟ ರಾತ್ರಿ ಗಾಳೀನೆ ಅಷ್ಟು ತಿಂಗಳು ಕುಡಿದ್ರು. ಜ್ವರ ಬರ್ಲಿಲ್ಲ. ಅದೇ ವರ್ಷ ರೋಮ್‌ನಿಂದ ಸೋಂಕು ಇದ್ದ ಸೊಳ್ಳೆಗಳನ್ನ ಲಂಡನ್‌ಗೆ ಕಳ್ಸಿ, ಪ್ಯಾಟ್ರಿಕ್ ಮ್ಯಾನ್ಸನ್ ಅನ್ನೋ ಡಾಕ್ಟರು ತಮ್ಮ ಸ್ವಂತ ಮಗನಿಗೇ ಕಚ್ಚಿಸಿದ್ರು, ಲಂಡನ್ನಿನ ಗಾಳೀಲಿ ಕೂತಿದ್ದವನಿಗೆ ಮಲೇರಿಯಾ ಬಂತು. ಕೆಟ್ಟ ಗಾಳಿ ಇದ್ದ ಕಡೆ ಜ್ವರ ಇಲ್ಲ, ಇಲ್ಲದ ಕಡೆ ಬಂತು, ಇನ್ನೇನು ಬೇಕು. ಮಗನ ಮೇಲೆ ಪ್ರಯೋಗ ಮಾಡಿದ್ದು ಸರಿಯಾ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ, ನಮ್ಮನೇಲಿ ಆಗಿದ್ರೆ ಮಗನ ತಾಯಿ ಸೊಳ್ಳೆ ಪಂಜರ ಒಲೆಗೆ ಹಾಕ್ತಿದ್ಲು.

ಇಷ್ಟಾದ್ರೂ ಹೆಸರು ಮಾತ್ರ ಬದಲಾಗಲಿಲ್ಲ ನೋಡಿ, ತಪ್ಪು ಅಂತ ಗೊತ್ತಾದ್ಮೇಲೂ ಪ್ರಪಂಚದ ಬಹುಪಾಲು ಜನ ಅದೇ ಕೆಟ್ಟ ಗಾಳಿ ಅಂತಲೇ ಕರೀತಿದಾರೆ. ಫ್ರೆಂಚರು ಪಾಲ್ಯುಡಿಸ್ಮ್ ಅಂತಾರೆ, ಜೌಗಿನ ಕಾಯಿಲೆ ಅಂತ, ಅದೂ ಅರ್ಧ ಸರಿ ಅಷ್ಟೇ. ನಮ್ಮ ಹಳೇ ಮಾತು 'ಚಳಿಜ್ವರ' ಯಾರ ಮೇಲೂ ತಪ್ಪು ಹೊರಿಸಲ್ಲ, ಮೈಗೆ ಏನಾಗುತ್ತೋ ಅದನ್ನಷ್ಟೇ ಹೇಳುತ್ತೆ, ನನ್ನ ಕೇಳಿದ್ರೆ ಮೂರರಲ್ಲಿ ಅದೇ ಒಳ್ಳೆ ಹೆಸರು. ಅಂದಹಾಗೆ ಇನ್‌ಫ್ಲುಯೆಂಜಾ ಕೂಡ ಇಟಲಿಯವರದ್ದೇ, 'ಪ್ರಭಾವ' ಅಂತ ಅರ್ಥ, ಗ್ರಹ ನಕ್ಷತ್ರದ ಪ್ರಭಾವದಿಂದ ಜ್ವರ ಬರುತ್ತೆ ಅಂತ ನಂಬಿದ್ದ ಕಾಲದ್ದು. ಕೊರೊನಾ ಟೈಮಲ್ಲಿ ಎಲ್ಲರೂ ಕಲಿತ ಕ್ವಾರಂಟೈನ್ ಕೂಡ ವೆನಿಸ್‌ನವರ 40 ದಿನದ ಲೆಕ್ಕ.

ನಾನು ಯಾಕೆ ಇಷ್ಟು ಜಗಳ ಮಾಡ್ತಿದೀನಿ ಅಂದ್ರೆ ಬರೀ ಒಂದು ಪದಕ್ಕಲ್ಲ. ಮಲೆನಾಡಿನ ಮೇಲೆ ಜ್ವರದ ಅಪವಾದ ಹೊತ್ತಿದ್ದು ಸಾಕಾಗಿದೆ. ಒಂದು ಕಾಲದಲ್ಲಿ ಬಯಲುಸೀಮೆಯವರು ಘಟ್ಟದ ಕಡೆಗೆ ಹೆಣ್ಣು ಕೊಡೋಕೆ ಹಿಂದೆ ಮುಂದೆ ನೋಡೋರು, ಸರ್ಕಾರಿ ನೌಕರರಿಗೆ ಕೊಪ್ಪ, ಮೂಡಿಗೆರೆ, ಸಕಲೇಶಪುರಕ್ಕೆ ಟ್ರಾನ್ಸ್‌ಫರ್ ಆಯ್ತು ಅಂದ್ರೆ ಶಿಕ್ಷೆ ಅಂತಲೇ ಲೆಕ್ಕ, ಮನೆಯವರು ಅತ್ತು ಕಳಿಸೋರು ಅಂತ ನಮ್ಮ ಹಿರಿಯರು ಹೇಳ್ತಿದ್ರು. ಅದು ಸುಳ್ಳು ಭಯ ಅಲ್ಲ, ನಿಜವಾಗಿ ಸಾಯ್ತಿದ್ರು. ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು ಅಂತ ಅಂದಾಜು ಇತ್ತು. 1953ರಲ್ಲಿ ಮಲೇರಿಯಾ ತಡೆಯೋ ರಾಷ್ಟ್ರೀಯ ಕಾರ್ಯಕ್ರಮ ಶುರು ಆಯ್ತು, ಬೆನ್ನಿಗೆ ಪಂಪು ಹಾಕ್ಕೊಂಡು ಮನೆ ಮನೆ ಗೋಡೆಗೆ ಡಿಡಿಟಿ ಹೊಡೆದು ತಾರೀಕು ಬರೆದು ಹೋಗೋರು, ಹಳ್ಳೀಲಿ ಅವರ ಹೆಸರೇ 'ಮಲೇರಿಯಾದವ್ರು'. ಹೊಡೆದ ಗೋಡೆ ಬಿಳಿ ಬಿಳಿ ಕಲೆ ಆಗುತ್ತೆ ಅಂತ ಬೈಕೊಂಡು ಮತ್ತೆ ಸಗಣಿ ಸಾರಿಸಿ ಕೂತ ಮನೆಗಳೂ ಇದ್ವು, ಡಿಡಿಟಿ ಕೆಲಸ ಮಾಡೋದು ಸೊಳ್ಳೆ ಬಂದು ಆ ಗೋಡೆ ಮೇಲೆ ಕೂತಾಗ, ಸಾರಿಸಿದ್ರೆ ಮುಗೀತು. 1965ರ ಹೊತ್ತಿಗೆ ದೇಶದಲ್ಲಿ ಕೇಸು ಸುಮಾರು 1 ಲಕ್ಷಕ್ಕೆ ಇಳಿದಿತ್ತು, ಗೆದ್ವಿ ಅಂತ ಕೈ ಕಟ್ಟಿ ಕೂತ್ರು, 1976ಕ್ಕೆ ಮತ್ತೆ 64 ಲಕ್ಷ ಆಯ್ತು. ನಮ್ಮ ಲ್ಯಾಬಿನ ಸ್ಲೈಡು ಡಬ್ಬಗಳೆಲ್ಲ ಆ ಎರಡನೇ ಸುತ್ತಿನ ಫಲ. ಇಷ್ಟು ಜನ ಗೋಡೆ ಗೋಡೆ ಸುತ್ತಿ, ಬೆರಳು ಚುಚ್ಚಿ, ಕ್ಲೋರೋಕ್ವಿನ್ ಪ್ರೈಮಾಕ್ವಿನ್ ಮಾತ್ರೆ ನುಂಗಿಸಿ ಮಲೆನಾಡನ್ನ ಆ ಹೆಸರಿಂದ ಬಿಡಿಸಿದ್ಮೇಲೆ, ಈಗ ನೀವು ಒಂದು ಬಾಕ್ಸಲ್ಲಿ ಕಾಯಿಲೆಯ ಹುಟ್ಟೂರೇ ಮಲೆನಾಡು ಅಂತ ಮಕ್ಕಳಿಗೆ ಹೇಳಿಕೊಟ್ರೆ ಹೇಗೆ? ಕನ್ನಡ ಪದ ಜಗತ್ತಿಗೆಲ್ಲ ಹೋಯ್ತು ಅಂತ ಹೆಮ್ಮೆ ಪಡಿಸೋಕೆ ಹಾಕಿರಬಹುದು, ಆದ್ರೆ ಹೆಮ್ಮೆ ಪಡೋಕೆ ಜ್ವರನೇ ಸಿಗಬೇಕಿತ್ತಾ.

ಮಾಡಬೇಕಾದ್ದು ಇಷ್ಟೇ. ಎಂಟನೇ ಪುಟದ ಮೂಲೇಲಿ ಎರಡು ಸಾಲು ತಿದ್ದುಪಡಿ ಬೇಡ, ಮಕ್ಕಳು ಅದನ್ನ ನೋಡಲ್ಲ. ಅದೇ ಮಕ್ಕಳ ಪುಟದಲ್ಲಿ, ಅದೇ ಅಳತೆಯ ಬಾಕ್ಸಲ್ಲಿ, ಇಟಲಿಯ ಮಾಲಾ ಆರಿಯಾ, ಓಸ್ಟಿಯಾದ ಮೆಶ್ ಮನೆ ಕತೆ ಹಾಕಿ, ಚಿತ್ರ ಬಿಡಿಸೋಕೂ ಚೆನ್ನಾಗಿರುತ್ತೆ. ನಮ್ಮ ಮಲೆನಾಡಿನ ಊರಿನ ಹೆಸರು ಹೊತ್ತ ಕಾಯಿಲೆ ಬೇಕೇ ಬೇಕು ಅಂದ್ರೆ ಅದೂ ಇದೆ, ಕ್ಯಾಸನೂರು ಕಾಡಿನ ಕಾಯಿಲೆ, ನಾವು ಮಂಗನ ಕಾಯಿಲೆ ಅನ್ನೋದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆ ಆಗಿದ್ದು, ಇದು ಕಟ್ಟುಕತೆ ಅಲ್ಲ. ಊರಿನ ಹೆಸರಿಟ್ರೆ ಆ ಊರಿಗೆ ಕೆಟ್ಟ ಹೆಸರು ಅಂತಲೇ ಡಬ್ಲ್ಯೂಎಚ್‌ಒ 2015ರಲ್ಲಿ ಹೊಸ ಕಾಯಿಲೆಗಳಿಗೆ ಜಾಗದ ಹೆಸರು ಇಡಬೇಡಿ ಅಂತ ಹೇಳಿದೆ, ಕ್ಯಾಸನೂರಿನ ಪಾಲಿಗೆ ಅವರಿಗೆ ಆ ಬುದ್ಧಿ ಬಂದಿದ್ದು ಲೇಟಾಯ್ತು. ಆ ಕಾಯಿಲೆ ಈಗಲೂ ನಮ್ಮ ಕೊಪ್ಪ, ನರಸಿಂಹರಾಜಪುರದ ಕಡೆ ಬರ್ತಾನೇ ಇದೆ, ಉಣುಗು ಕಚ್ಚಿ ಬರೋದು, ಡಿಸೆಂಬರ್ ಹತ್ರ ಬಂತಂದ್ರೆ ಸೀಸನ್ ಶುರು. ಬಾಕ್ಸಲ್ಲಿ ಎರಡು ಸಾಲು ಜಾಗ ಉಳಿದ್ರೆ ದರಗು ಸೌದೆ ತರೋಕೆ ಕಾಡಿಗೆ ಹೋಗೋರು ಕೈಕಾಲಿಗೆ ಉಣುಗು ಹತ್ತದ ಹಾಗೆ ತಡೆಯೋ ಡೀಪಾ ಎಣ್ಣೆ ಹಚ್ಕೊಂಡು ಹೋಗಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಅಂತಾನೂ ಸೇರಿಸಿಬಿಡಿ.

ಇತಿ,
ರಿಟೈರ್ಡ್ ಲ್ಯಾಬ್ ಟೆಕ್ನಿಷಿಯನ್
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ